ವಲ್ಲಿಯ ಕೆಳಗಿನ ಕೈ

ಬೆಳಿಗ್ಗೆ ಎದ್ದಾಗಿನಿಂದ ವೆಂಕಟರಮಣಪ್ಪನಿಗೆ ಎದುರಾದವರ ಮೇಲೆಲ್ಲ ಸಿಟ್ಟು. ಹೆಂಡತಿ ರಾಮಲಕ್ಷ್ಮಮ್ಮ ಕಾಯಿಸಿಟ್ಟ ನೀರು ಹದವಾಗಿತ್ತು. ಸುಡುತ್ತಿದ್ದರೆ ಒಂದು ಮಾತು ಬೈದು ಹಗುರಾಗಬಹುದಿತ್ತು, ಅದಕ್ಕೂ ಅವಳು ಆಸ್ಪದ ಕೊಡಲಿಲ್ಲ. ಕರಿ ಕೋಟು ಹಾಕಿಕೊಂಡು ಹೊರಟವನ ಮುಂದೆ ಮಡಿಸಿದ ವಲ್ಲಿ ಹಿಡಿದುಕೊಂಡು ನಿಂತಳು. ಬೇಡ ಎಂದ. ಸಾಹೇಬರ ಮುಂದೆ ಬರಿ ಹೆಗಲಲ್ಲಿ ಹೋಗುತ್ತಾರೆಯೇ, ನೋಡಿದವರು ಏನೆಂದುಕೊಂಡಾರು ಎಂದಳು. ಇವತ್ತು ಮುಳಬಾಗಿಲಿನ ಮುಸಾಫರ್ ಬಂಗಲೆಯಲ್ಲಿ ತಾನು ಮಾತಾಡಲು ಹೊರಟಿರುವುದೇ ಆ ವಲ್ಲಿಯ ವಿರುದ್ಧ ಎಂದು ಅವಳಿಗೆ ಬಿಡಿಸಿ ಹೇಳುವ ತಾಳ್ಮೆ ಅವನಿಗಿರಲಿಲ್ಲ. ಮೂರು ವರ್ಷ ಸೈಕಲ್ ತುಳಿದಿದ್ದ. ವಕ್ಕಲೇರಿ, ಹುತ್ತೂರು, ಮಾಲೂರು, ಶ್ರೀನಿವಾಸಪುರ ಎಂದು ಅಲೆದು, ದಲ್ಲಾಳಿಗಳ ಮಂಡಿ ಸಾಕು, ಬೆಳೆದವನು ಬಯಲಲ್ಲಿ ಮೂಟೆ ಇಳಿಸಿ ಎಲ್ಲರ ಕಿವಿಗೂ ಬೀಳುವಂತೆ ಬೆಲೆ ಕೂಗಿಸಿ ಮಾರುವ ಸರ್ಕಾರಿ ಮಾರುಕಟ್ಟೆ ಬೇಕು ಎಂಬ ಅರ್ಜಿಗೆ ಸಾವಿರದ ಇನ್ನೂರು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದ. ಆ ಕಾಗದಗಳ ಶಾಯಿ ಒಣಗಿದ್ದು ಇದೇ ಮನೆಯ ಪಡಸಾಲೆಯಲ್ಲಿ, ಇವಳ ಕಣ್ಣೆದುರಿಗೆ. ಆದರೂ ಇವಳಿಗೆ ಹೆಗಲಿನ ಚಿಂತೆ. ವಲ್ಲಿಯನ್ನು ಕಿತ್ತು ಮಂಚದ ಮೇಲೆ ಎಸೆದು, ಅರ್ಜಿಯ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದ.

ಪೇಟೆ ಬೀದಿಯಲ್ಲಿ ಹುಣಿಸೆಹಣ್ಣಿನ ಗಾಡಿಗಳು ಆಗಲೇ ಸಾಲುಗಟ್ಟಿದ್ದವು. ಸುಗ್ಗಿ. ನಂಗಲಿ ಕಡೆಯಿಂದ ಬಂದ ಎತ್ತುಗಳು ಕೊರಳು ತಗ್ಗಿಸಿ ನಿಂತಿದ್ದವು, ಅವುಗಳ ಒಡೆಯರೂ ಹಾಗೇ ನಿಂತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಅರ್ಜಿಗೆ ಹೆಬ್ಬೆಟ್ಟು ಒತ್ತಿದವರೇ. ಈಗ ಅವನನ್ನು ಕಂಡು ಎತ್ತಿನ ಮೂಗುದಾರ ಸರಿಮಾಡತೊಡಗಿದರು. ಹುಳಿವಾಸನೆ ಮೂಗಿಗೆ ಹತ್ತಿದ ಕೂಡಲೇ ಅವನ ಬಲಗೈ ತಾನಾಗಿ ಕೋಟಿನ ಜೇಬು ಸೇರಿತು. ಹನ್ನೊಂದು ವರ್ಷ ಆ ಕೈ ದಲ್ಲಾಳಿ ಪೆದ್ದಪ್ಪನ ಮಂಡಿಯಲ್ಲಿ ದುಡಿದಿತ್ತು. ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ರೂಢಿಯಿಲ್ಲ. ಕೊಳ್ಳುವವನೂ ಮಾರುವವನ ಕಡೆಯವನೂ ಎದುರುಬದುರು ಕೂತು ಕೈಗಳ ಮೇಲೆ ವಲ್ಲಿ ಹೊದೆಸಿಕೊಳ್ಳುತ್ತಾರೆ. ಕೊಳ್ಳುವವನು ಐದು ಬೆರಳನ್ನೂ ಕೂಡಿಸಿ ಹಿಡಿದು ಒತ್ತಿದರೆ ಮಣಕ್ಕೆ ಐದು ಆಣೆ, ಇನ್ನೊಮ್ಮೆ ಒತ್ತಿದರೆ ಹತ್ತು, ಆಮೇಲೆ ಬಿಡಿಯಾಗಿ ಹಿಡಿದ ಒಂದೊಂದು ಬೆರಳಿಗೆ ಒಂದೊಂದು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆ ಅಲುಗುವುದು ಮಾತ್ರ. ಬೆಳೆದವನಿಗೂ ಅಷ್ಟೇ. ಅವನ ಪರವಾಗಿ ಕೂತ ಮಂಡಿಯ ಆಳು ಎದ್ದು ಬಂದು ಕಿವಿಯಲ್ಲಿ ಏನು ಹೇಳಿದರೆ ಅದೇ ಬೆಲೆ. ಆ ಆಳು ವೆಂಕಟರಮಣಪ್ಪ. ಎಷ್ಟು ಕಿವಿಗಳಿಗೆ ಬಾಗಿದ್ದನೋ, ಅವುಗಳ ಕೂದಲು, ಓಲೆ, ಗುಗ್ಗೆ ಎಲ್ಲ ನೆನಪಿನಲ್ಲಿದ್ದವು, ಮುಖಗಳು ಅಷ್ಟಾಗಿ ಇರಲಿಲ್ಲ.

ಮನಸ್ಸಾಕ್ಷಿಗೆ ಒಗ್ಗದೆ ಮಂಡಿ ಬಿಟ್ಟು ಬಂದವರು ಎಂದು ಬೆಳೆಗಾರರ ಸಂಘದ ಅಧ್ಯಕ್ಷ ಚನ್ನರಾಯಪ್ಪ ಪ್ರತಿ ಸಭೆಯಲ್ಲೂ ಅವನನ್ನು ಪರಿಚಯಿಸುತ್ತಿದ್ದ. ವಕ್ಕಲೇರಿಯ ಚನ್ನರಾಯಪ್ಪ ಒಳ್ಳೆಯ ಮನುಷ್ಯ. ಒಳ್ಳೆಯವನಾದ್ದರಿಂದಲೇ ಸಹಿಸುವುದು ಕಷ್ಟ. ಮನಸ್ಸಾಕ್ಷಿಯಂತೆ, ಮನಸ್ಸಾಕ್ಷಿ! ನಿಜವಾದ ಕಾರಣ ಬೇರೆ. ನಾಲ್ಕು ವರ್ಷದ ಹಿಂದೆ ಪೆದ್ದಪ್ಪನ ಮಗಳ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದ ವೆಂಕಟರಮಣಪ್ಪ. ಎಲೆಗೆ ಉಪ್ಪು ಬಿದ್ದಿತ್ತು, ಕೋಸಂಬರಿ ಬಿದ್ದಿತ್ತು. ಮದನಪಲ್ಲಿಯ ಸಾವುಕಾರನೊಬ್ಬ ತಡವಾಗಿ ಬಂದ. ಪೆದ್ದಪ್ಪ ಸಾಲಿನ ಉದ್ದಕ್ಕೂ ಕಣ್ಣಾಡಿಸಿ, ಇವನ ಭುಜ ಮುಟ್ಟಿ, ಏಳಲಾ ಎಂದ, ಸಿಟ್ಟಿಲ್ಲದೆ, ನಗುತ್ತಲೇ. ಎದ್ದ. ಮೂಟೆ ಹೊರುವವರ ಜೊತೆ ಎರಡನೇ ಪಂಕ್ತಿಯಲ್ಲಿ ಉಂಡ. ಪಾಯಸ ತಳ ಹಿಡಿದಿತ್ತು. ಎಂಟು ದಿನಕ್ಕೆ ಮಂಡಿ ಬಿಟ್ಟ, ಒಂದು ವರ್ಷಕ್ಕೆ ಸಂಘ ಸೇರಿದ. ಮಾರುಕಟ್ಟೆ ಬರಬೇಕೆಂದು ಅವನು ಬಯಸಿದ್ದು ಸುಳ್ಳಲ್ಲ. ಆದರೆ ಭಾಷಣದ ನಡುವೆ ಅನ್ಯಾಯ ಎಂಬ ಮಾತು ಬಂದಾಗಲೆಲ್ಲ ಅವನ ಕಣ್ಣಿಗೆ ಕಾಣುತ್ತಿದ್ದದ್ದು ತಾನು ಬಿಟ್ಟೆದ್ದ ಆ ಎಲೆ, ಅದರ ಮೇಲಿನ ಕೋಸಂಬರಿ. ಇಷ್ಟು ಕ್ಷುಲ್ಲಕ ಮನುಷ್ಯನ ಬೆನ್ನ ಹಿಂದೆ ಸಾವಿರದ ಇನ್ನೂರು ಜನ ನಿಂತಿದ್ದಾರಲ್ಲ ಎಂದು ಆ ಜನರ ಮೇಲೂ ಅವನಿಗೆ ತಾತ್ಸಾರ.

ಬಂಗಲೆಯ ಮುಂದಿನ ಹೊಂಗೆಮರದ ನೆರಳಲ್ಲಿ ಆವಲಮ್ಮ ಆಗಲೇ ಬಂದು ಕೂತಿದ್ದಳು. ನಂಗಲಿಯಿಂದ ಆಚೆ ಎರಡು ಮೈಲಿಯ ಹಳ್ಳಿಯವಳು, ಐವತ್ತೈದು ದಾಟಿದ ವಿಧವೆ, ಹದಿನೆಂಟು ಹುಣಿಸೆಮರದ ಒಡತಿ. ಸಂಘದ ಮುಖ್ಯ ಸಾಕ್ಷಿ ಅವಳೇ. ಅವಳ ಹೆಸರು ಎತ್ತಿದ್ದು ಚನ್ನರಾಯಪ್ಪ, ವೆಂಕಟರಮಣಪ್ಪ ಅಲ್ಲ. ಗಂಡಸಾದರೆ ಹಟ ಮಾಡಿ ತನ್ನ ಕೈಯನ್ನೇ ವಲ್ಲಿಯೊಳಗೆ ಇಟ್ಟಾನು. ಪರಗಂಡಸಿನ ಕೈಗೆ ಹೆಂಗಸು ಕೈ ಕೊಡುವುದುಂಟೇ, ಅದೂ ಬಟ್ಟೆಯ ಕೆಳಗೆ? ಆದ್ದರಿಂದ ಬೆಳೆ ಬೆಳೆದ ಹೆಂಗಸಿಗೆ ಬೆಲೆ ತಿಳಿಯುವ ದಾರಿಯೇ ಇಲ್ಲ, ಇದನ್ನು ಅವಳ ಬಾಯಿಂದ ಹೇಳಿಸಿದರೆ ಸಾಹೇಬರ ಮನಸ್ಸು ಕರಗುತ್ತದೆ ಎಂದು ಚನ್ನರಾಯಪ್ಪನ ವಾದ. ಏಳು ಸುಗ್ಗಿ ಅವಳ ಕೈಯಾಗಿ ವಲ್ಲಿಯೊಳಗೆ ಹೋದವನು ಯಾರೆಂದು ಚನ್ನರಾಯಪ್ಪನಿಗೆ ಗೊತ್ತಿರಲಿಲ್ಲ. ಮೊದಲ ಸಲ ಬಂದಾಗ ಅವಳ ಗಂಡ ಸತ್ತು ಮೂರು ತಿಂಗಳಾಗಿತ್ತು. ಮದನಪಲ್ಲಿಯ ಸಾವುಕಾರ ಎರಡು ಸಲ ಕೈ ಪೂರ್ತಿ ಒತ್ತಿ, ನಾಲ್ಕು ಬೆರಳು ಹಿಡಿದ. ಹದಿನಾಲ್ಕು. ವೆಂಕಟರಮಣಪ್ಪ ಎದ್ದು ಬಂದು, ಅವಳು ಹೆಂಗಸಾದ್ದರಿಂದ ಕಿವಿಗೆ ಬಾಗದೆ ಮಾರು ದೂರ ನಿಂತು, ಹನ್ನೊಂದು ಕಣಮ್ಮ ಎಂದ. ಅವಳು ತಲೆಯಾಡಿಸಿದಳು. ಉಳಿದ ಮೂರರಲ್ಲಿ ಎರಡು ಪೆದ್ದಪ್ಪನದು, ಒಂದು ಅವನದು. ಮಂಡಿಯಲ್ಲಿ ಇದಕ್ಕೆ ಕಳ್ಳತನ ಎಂಬ ಹೆಸರೂ ಇರಲಿಲ್ಲ. ಆಮೇಲೆ ಎಷ್ಟೋ ಸುಳ್ಳು ಹೇಳಿದ್ದ, ಅವೆಲ್ಲ ಒಂದರೊಳಗೊಂದು ಬೆರೆತುಹೋಗಿದ್ದವು. ಆ ಮೊದಲ ಹನ್ನೊಂದು ಮಾತ್ರ ಹಾಗೇ ಉಳಿದಿತ್ತು.

ಕಳೆದ ತಿಂಗಳು ಮೂರು ಸಲ ಅವಳ ಹಳ್ಳಿಗೆ ಹೋಗಿ ಹೇಳಿಕೊಟ್ಟಿದ್ದ: ನಮ್ಮಂಥ ಹೆಂಗಸರಿಗೆ ಬೆಲೆ ತಿಳಿಯುವುದಿಲ್ಲ ಸ್ವಾಮಿ ಎಂದಿಷ್ಟು ಹೇಳಿದರೆ ಸಾಕು, ಯಾರ ಹೆಸರೂ ಬೇಡ, ಹೆಸರೆತ್ತಿದರೆ ಕೋರ್ಟು ಕಚೇರಿ ಆಗುತ್ತದೆ. ಮೂರು ಸಲವೂ ಅವಳು, ಆಗಲಿ, ಎಂದಿದ್ದಳು. ಆ ಒಂದು ಮಾತಿನ ಹಿಂದೆ ಏನಿದೆಯೆಂದು ತಿಳಿಯದೆ ಅವನಿಗೆ ಒಂದು ತಿಂಗಳಿಂದ ಸರಿಯಾಗಿ ಊಟ ಸೇರಿರಲಿಲ್ಲ. ಅವಳು ಹೆಸರು ಹೇಳಿದರೆ ಅವನು ಹೋದ, ಅವನ ಜೊತೆ ಅರ್ಜಿಯೂ ಹೋದಂತೆ. ಅವಳು ಬಾರದೇ ಹೋದರೆ ಅರ್ಜಿಗೆ ಬಲವಿಲ್ಲ. ಈಗ ಅವಳು ಅವನತ್ತ ನೋಡಿ, ವಲ್ಲಿಯಿಲ್ಲದ ಹೆಗಲನ್ನು ನೋಡಿ, ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. ನಕ್ಕಳೇನೋ. ಮುದುಕಿ ದಾರಿಯಲ್ಲಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಗಲಿಲ್ಲ.

ಅರ್ಜಿಯ ವಿಚಾರಣೆಗೆಂದು ಸರ್ಕಾರ ಕಳಿಸಿದ್ದ ಸಾಹೇಬರು ಬೆಂಗಳೂರಿನವರು. ಯುದ್ಧದ ಕಾಲದ ಪೆಟ್ರೋಲ್ ಕಟ್ಟುಪಾಡಿನಲ್ಲಿ ಇಷ್ಟು ದೂರ ಬರಬೇಕಾಯಿತಲ್ಲ ಎಂಬ ಬೇಸರ ಮುಖದ ಮೇಲಿತ್ತು. ವರಾಂಡದಲ್ಲಿ ಮೇಜು, ಒಂದು ಕಡೆ ಪೆದ್ದಪ್ಪ ಮತ್ತು ಅವನ ಮಂಡಿಯವರು, ಇನ್ನೊಂದು ಕಡೆ ಸಂಘ. ಚನ್ನರಾಯಪ್ಪ ಹತ್ತು ನಿಮಿಷ ಮಾತಾಡಿದ. ಸಾಹೇಬರು ಪೆದ್ದಪ್ಪನತ್ತ ತಿರುಗಿ, ವಲ್ಲಿ ಯಾಕೆ ಹಾಕುತ್ತೀರಿ ಎಂದರು. ಬೆವರು ಒರೆಸೋಕೆ ಸ್ವಾಮಿ, ಬಿಸಿಲು ನೋಡಿ, ಎಂದ ಪೆದ್ದಪ್ಪ. ಬೆರಳಿನ ಸನ್ನೆಯಂತೆ, ಬೆಲೆಯಂತೆ, ಅದೆಲ್ಲ ತನಗೆ ಗೊತ್ತೇ ಇಲ್ಲ, ತಾತನ ಕಾಲದಿಂದಲೂ ತಾವು ಬಾಯಲ್ಲೇ ವ್ಯಾಪಾರ ಮಾಡುವವರು. ಅವನ ಮಂಡಿಯವರೆಲ್ಲ ತಲೆಯಾಡಿಸಿದರು. ಆಮೇಲೆ ಪೆದ್ದಪ್ಪ ಒಂದು ಕಟ್ಟು ಕಾಗದ ಮೇಜಿನ ಮೇಲಿಟ್ಟ. ಈಗಿರುವ ಮಂಡಿಗಳಿಂದ ನಮಗೆ ಸುಖವೇ ಇದೆ, ಹೊಸ ಮಾರುಕಟ್ಟೆ ಬೇಡ ಎಂದು ರೈತರ ಅರ್ಜಿ, ಒಂಬೈನೂರು ಹೆಬ್ಬೆಟ್ಟು. ಸಾಹೇಬರು ಎರಡು ಕಟ್ಟನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳಾಡಿಸುತ್ತ ಹೋದರು. ಎರಡರಲ್ಲೂ ಅದೇ ಊರು, ಅದೇ ಹೆಸರು. ಬೇಕು ಎಂದು ಒತ್ತಿದವರೇ ಬೇಡ ಎಂದೂ ಒತ್ತಿದ್ದರು.

ವೆಂಕಟರಮಣಪ್ಪನಿಗೆ ಕೆಳಗೆ ಅಂಗಳದಲ್ಲಿ ನಿಂತಿದ್ದ ಜನರ ಮೇಲೆ ಎರಗಬೇಕೆನ್ನಿಸಿತು. ಹುತ್ತೂರಿನ ಒಬ್ಬನ ಮನೆಯಲ್ಲಿ ಮಳೆಗೆ ಸಿಕ್ಕಿ ರಾತ್ರಿಯೆಲ್ಲ ಕೂತಿದ್ದು, ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಗಳ ನಡುವೆ ಒದ್ದೆ ಕಾಗದ ಆರಿಸಿದ್ದು, ಅವನ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿಸಿದ್ದು. ಅದೇ ಮನುಷ್ಯ ಈಗ ಆಕಾಶ ನೋಡುತ್ತ ನಿಂತಿದ್ದ. ಯಾರು ಕೇಳಿದರೂ ಹೆಬ್ಬೆರಳು ಕೊಡುವ ಜಾತಿ. ಇವರಿಗೆ ಮಾರುಕಟ್ಟೆ ಬೇರೆ ಕೇಡು. ಆದರೆ ಒಳಗೆ ಎದ್ದದ್ದು ಬರೀ ಸಿಟ್ಟೋ, ಅಥವಾ ಇನ್ನು ಆವಲಮ್ಮನನ್ನು ಕರೆಯಬೇಕಿಲ್ಲ ಎಂಬ ಸಮಾಧಾನವೋ ಅವನಿಗೇ ಸ್ಪಷ್ಟವಾಗಲಿಲ್ಲ. ಸಾಹೇಬರು ಕನ್ನಡಕ ತೆಗೆದು, ಕಾಗದಗಳಿಂದ ಏನೂ ಸಿದ್ಧವಾಗುವುದಿಲ್ಲ, ನೀವು ಹೇಳುವ ಪದ್ಧತಿ ಇರುವುದೇ ನಿಜವಾದರೆ ನನಗೆ ಮಾಡಿ ತೋರಿಸಿ, ಇಲ್ಲವಾದರೆ ನಾನು ಊಟಕ್ಕೆ ಏಳುತ್ತೇನೆ ಎಂದರು.

ಚನ್ನರಾಯಪ್ಪ ಹೆಮ್ಮೆಯಿಂದ ವೆಂಕಟರಮಣಪ್ಪನನ್ನು ಮುಂದೆ ತಳ್ಳಿ ಕೂರಿಸಿದ. ಮಾರುವವನ ಕಡೆಯ ಕೈ ಇವನದಾಯಿತು. ಕೊಳ್ಳುವವನ ಕೈ ಯಾರದು? ಪೆದ್ದಪ್ಪ ಕೈಮುಗಿದು, ನನಗೆ ಬರಲ್ಲವಲ್ಲ ಸ್ವಾಮಿ ಎಂದ. ಚನ್ನರಾಯಪ್ಪನಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಅಂಗಳದ ಗಂಡಸರು ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು. ನಾಳೆ ಇದೇ ಪೆದ್ದಪ್ಪನ ಬಾಗಿಲಲ್ಲಿ ಮೂಟೆ ಇಳಿಸಬೇಕಲ್ಲ. ಆಗ ಆವಲಮ್ಮ ಮೆಟ್ಟಿಲು ಹತ್ತಿ ಬಂದು, ಯಾರ ಅಪ್ಪಣೆಗೂ ಕಾಯದೆ, ವರಾಂಡದ ಕಲ್ಲಿನ ಮೇಲೆ ವೆಂಕಟರಮಣಪ್ಪನ ಎದುರು ಕೂತಳು.

"ನಾನು ಹಿಡೀತೀನಿ ಸ್ವಾಮಿ. ಬಟ್ಟೆ ಕೊಡಿ" ಎಂದಳು.

ಜನರಲ್ಲಿ ಗುಜುಗುಜು ಎದ್ದಿತು. ಯಾರೋ ಛೀ ಎಂದರು. ಯಾಕೆಂದು ಅರ್ಥವಾಗದ ಸಾಹೇಬರು ಆಗಲಿ ಆಗಲಿ ಎಂದರು. ಬಟ್ಟೆಗೆ ಹುಡುಕಾಟವಾಯಿತು, ಯಾರೂ ತಮ್ಮ ಹೆಗಲಿನದು ಕೊಡಲಿಲ್ಲ. ಅರ್ಜಿಯ ಚೀಲದಲ್ಲಿ ಏನೋ ಇದೆ ಎಂದು ಚನ್ನರಾಯಪ್ಪ ಎಳೆದು ತೆಗೆದರೆ ಅದೂ ಒಂದು ವಲ್ಲಿ, ಮಂಚದ ಮೇಲೆ ಎಸೆದು ಬಂದಿದ್ದರ ಜೋಡಿ. ಮಂಡಿಯ ದಿನಗಳ ಹಳೆಯದು, ಅಂಚಿನಲ್ಲಿ ಹುಣಿಸೆಯ ಕಂದು ಕಲೆ. ಹಟಮಾರಿ ರಾಮಲಕ್ಷ್ಮಮ್ಮ ರಾತ್ರಿಯೇ ಚೀಲಕ್ಕೆ ತುರುಕಿದ್ದಳು. ಬಟ್ಟೆ ಕೈಗಳ ಮೇಲೆ ಬಿತ್ತು. ಏಳು ವರ್ಷ ಅವಳ ಕೈಯಾಗಿದ್ದವನು ಅವಳ ಕೈಯನ್ನು ಮುಟ್ಟಿದ್ದು ಇದೇ ಮೊದಲು. ಹಣ್ಣು ಕುಟ್ಟಿ ಬೀಜ ತೆಗೆದು ತೆಗೆದು ದಡ್ಡುಗಟ್ಟಿದ ಅಂಗೈ, ಬೆಚ್ಚಗಿತ್ತು. ಅವಳು ಅವನ ಐದು ಬೆರಳನ್ನೂ ಕೂಡಿಸಿ ಹಿಡಿದು ಒತ್ತಿದಳು. ಬಿಟ್ಟು, ಇನ್ನೊಮ್ಮೆ ಒತ್ತಿದಳು. ಆಮೇಲೆ ಕಿರುಬೆರಳಿಂದ ಶುರುಮಾಡಿ ಒಂದು, ಎರಡು, ಮೂರು, ನಾಲ್ಕು. ಹೆಬ್ಬೆರಳನ್ನು ಬಿಟ್ಟಳು. ಅವನು ತಲೆಯೆತ್ತಿದ. ಅವಳು ನೇರವಾಗಿ ನೋಡುತ್ತಿದ್ದಳು. ಆ ಮೊದಲ ವರ್ಷ ಅವಳು ನಿಂತಿದ್ದ ಜಾಗ, ಮಂಡಿಯ ಬಾಗಿಲ ಬಲಗಡೆಯ ಕಂಬ, ಬೋಳಾದ ಹಣೆ, ಎಲ್ಲ ಹಾಗೆಹಾಗೇ ಬಂದು ನಿಂತವು. ಸಾಹೇಬರು ಕೇಳಿದರು, ಎಷ್ಟು?

"ಹನ್ನೊಂದು" ಎಂದ ವೆಂಕಟರಮಣಪ್ಪ.

ಯೋಚಿಸಿ ಹೇಳಿದ್ದಲ್ಲ. ಬೆರಳಿನ ಮೇಲೆ ಒತ್ತು ಬಿದ್ದ ಕೂಡಲೇ ಬಾಯಿ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು, ಹನ್ನೊಂದು ವರ್ಷ ಮಾಡಿದ ಹಾಗೇ. ಸಾಹೇಬರು ಆವಲಮ್ಮನತ್ತ ತಿರುಗಿದರು. ನೀನು ಒತ್ತಿದ್ದು ಎಷ್ಟಮ್ಮ? ಹದಿನಾಲ್ಕು ಸ್ವಾಮಿ, ಎಂದಳು. ಈಗ ಮುಗಿಯಿತು, ಈಗ ಇವಳು ಉಳಿದದ್ದನ್ನೂ ಹೇಳುತ್ತಾಳೆ, ಹೇಳಲಿ, ಹೇಳಿ ಸಾಯಲಿ. ಆದರೆ ಬಾಯಿ ಹಾಕಿದವನು ಪೆದ್ದಪ್ಪ. ಕೂತಲ್ಲಿಂದ ಎದ್ದು, ಮುಖ ಕೆಂಪಗೆ ಮಾಡಿಕೊಂಡು, ಇವನು ಬೇಕೂಂತ ಸುಳ್ಳು ಹೇಳ್ತಿದಾನೆ ಸ್ವಾಮಿ, ಆ ಯಮ್ಮ ಒತ್ತಿದ್ದು ಸರಿಯಾಗಿ ಹದಿನಾಲ್ಕೇ, ಮಣಿಕಟ್ಟಿನ ನರ ಆಡಿದ್ದು ನಾನೇ ಕಂಡೆ, ಎಂದ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಹೊಳೆದು ಹಾಗೇ ಕೂತ. ಆಮೇಲೆ ಸಾಹೇಬರು ಆ ದಿನ ಮೊದಲ ಸಲ ನಕ್ಕರು. ಭೇಷ್ ಎಂದರು. ಬಟ್ಟೆಯ ಕೆಳಗೆ ಹದಿನಾಲ್ಕು, ಬಟ್ಟೆಯಿಂದ ಹೊರಗೆ ಹನ್ನೊಂದು. ಇನ್ನು ನನಗೆ ಬೇರೆ ಪುರಾವೆ ಬೇಡ, ಇಷ್ಟು ಚೆನ್ನಾಗಿ ಯಾವ ವಕೀಲನೂ ತೋರಿಸುತ್ತಿರಲಿಲ್ಲ, ಎಂದು ಪೆನ್ನು ತೆಗೆದು ಬರೆಯತೊಡಗಿದರು.

ಅಂಗಳದಲ್ಲಿ ಕೇಕೆ ಎದ್ದಿತು. ಹುತ್ತೂರಿನವನೂ ಕೇಕೆ ಹಾಕಿದ. ಚನ್ನರಾಯಪ್ಪ ಓಡಿಬಂದು ಅವನನ್ನು ಅಪ್ಪಿಕೊಂಡ. ಎಂಥಾ ಯುಕ್ತಿ ಮಾಡಿದಿರಿ, ನನಗೂ ಒಂದು ಮಾತು ಹೇಳಲಿಲ್ಲವಲ್ಲ ಎಂದ. ಅದು ಯುಕ್ತಿಯಲ್ಲ ಎಂದು ವೆಂಕಟರಮಣಪ್ಪ ಹೇಳಿದ್ದು ಚನ್ನರಾಯಪ್ಪನ ಕೋಟಿನ ತೋಳಿನೊಳಗೇ ಉಳಿಯಿತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಬಹುದಿತ್ತು, ಹೇಳಲಿಲ್ಲ. ಸಾಹೇಬರು ಹೋಗುವ ಮುಂಚೆ ಅವನನ್ನು ಹತ್ತಿರ ಕರೆದು, ಮಾರುಕಟ್ಟೆಗೆ ನಾನು ಶಿಫಾರಸು ಮಾಡುತ್ತೇನೆ, ಅದು ಬಂದಾಗ ಬೆಲೆ ಕೂಗುವ ಕೆಲಸ ನಿಮಗೇ ಆಗಬೇಕೆಂದೂ ಬರೆಯುತ್ತೇನೆ, ನಿಮ್ಮಂಥ ಪ್ರಾಮಾಣಿಕರು ಬೇಕು ಎಂದರು. ಪೆದ್ದಪ್ಪ ಮೆಟ್ಟಿಲಿಳಿಯುತ್ತ ಇವನ ಮುಖವನ್ನೇ ನೋಡಿದ. ಅವನೊಬ್ಬನಿಗೆ ಮಂಡಿಯ ಆಳಿನ ಬಾಯಿ ಗೊತ್ತು. ಅವನ ತುಟಿಯ ಕೊನೆಯಲ್ಲಿ ಮದುವೆಯ ದಿನದ ಅದೇ ನಗು ಇತ್ತು.

ಆವಲಮ್ಮ ಹೊಂಗೆಮರದ ಕೆಳಗೆ ತನ್ನೂರಿನ ಗಾಡಿಗೆ ಕಾಯುತ್ತ, ಗಂಟಿನಿಂದ ಮುದ್ದೆ ತೆಗೆದು ತಿನ್ನುತ್ತಿದ್ದಳು. ಅವನು ಹೋಗಿ ಎದುರು ನಿಂತ. ಹನ್ನೊಂದು ವರ್ಷ ಎದೆಯ ಮೇಲೆ ಹೊತ್ತದ್ದನ್ನು ಇವತ್ತು ಇಳಿಸಿಬಿಡುತ್ತೇನೆ, ಅವಳು ಉಗಿಯಲಿ, ಮಣ್ಣು ತೂರಲಿ ಎಂದುಕೊಂಡಿದ್ದ. ಒಳಗೊಳಗೆ ಅದಕ್ಕೆ ಆಸೆಯೂ ಇತ್ತು. ಮೊದಲ ವರ್ಷ ನಾನು ನಿಮಗೆ ಹೇಳಿದ ಬೆಲೆ ಸುಳ್ಳು ಎಂದು ಶುರುಮಾಡಿದ. ಅವಳು ಕೈಯೆತ್ತಿ ತಡೆದಳು, ಬಾಯಲ್ಲಿದ್ದ ತುತ್ತು ನುಂಗಿದಳು.

"ಗೊತ್ತು ಕಣ್ ನಾಯ್ನಾ. ಸಾವುಕಾರನ ಮಣಿಕಟ್ಟು ಬಟ್ಟೆಯಿಂದ ಆಚೇನೇ ಇತ್ತಲ್ಲ. ದೊಡ್ಡ ಒತ್ತು ಎರಡು, ಚಿಕ್ಕದು ನಾಲ್ಕು. ಎಣಿಸೋಕೆ ನನಗೂ ಬರ್ತದೆ."

"ಗೊತ್ತಿದ್ದೂ ಏಳು ವರ್ಷ ನನ್ನ ಹತ್ರಾನೇ ಬಂದ್ರಲ್ಲಮ್ಮ."

"ವಿಚಾರಿಸಿಕೊಂಡೇ ಬಂದಿದ್ದು. ಪೆದ್ದಪ್ಪನ ಮಂಡಿಯಾಗೆ ಇನ್ನೊಬ್ಬನಿದ್ದನಲ್ಲ, ಅವನು ಐದು ತಿಂತಿದ್ದ. ನೀನು ಮೂರು. ಮೂರಕ್ಕೆ ನಾನು ಒಪ್ಕೊಂಡಿದ್ದೆ." ಅವಳು ಕೈಗೆ ಅಂಟಿದ ಹಿಟ್ಟನ್ನು ಬೆರಳು ಬೆರಳಾಗಿ ಬಿಡಿಸಿಕೊಂಡಳು. "ನಾಲ್ಕು ವರ್ಷದ ಹಿಂದೆ ಒಂದು ಮಾತೂ ಹೇಳ್ದೆ ಬಿಟ್ಟೋದೆ. ಅವತ್ತಿಂದ ನನಗೆ ಐದೇ ಗತಿಯಾಯ್ತು. ಅದಕ್ಕೇ ನಿನ್ನ ಮೇಲೆ ಸಿಟ್ಟು."

ಮೂರು. ತಾನು ಊಟ ಬಿಟ್ಟು ಕಾದಿಟ್ಟುಕೊಂಡಿದ್ದ ಪಾಪ ಅವಳ ಲೆಕ್ಕದಲ್ಲಿ ಒಂದು ಅಗ್ಗದ ಪಾಪ, ನೋಡಿ ಆರಿಸಿಕೊಂಡದ್ದು. ಮಂಡಿ ಬಿಟ್ಟದ್ದೇ ಅವಳಿಗೆ ಮಾಡಿದ ದ್ರೋಹ. ಅವಮಾನವಾಯಿತು, ಪಂಕ್ತಿಯಿಂದ ಎದ್ದಾಗ ಆದದ್ದಕ್ಕಿಂತ ಹೆಚ್ಚು. ಗಾಡಿ ಬಂತು. ಅವಳು ಗಂಟು ಎತ್ತಿಕೊಂಡು ಹತ್ತಿ, ಚಕ್ರ ಉರುಳುವ ಮುಂಚೆ ತಿರುಗಿ ಕೇಳಿದಳು.

"ಮಾರುಕಟ್ಟೆ ಬಂದ್ರೆ ಕೂಗೋನು ನೀನೇ ಅಂತಲ್ಲ?"

ಹೌದು ಎಂದ.

"ನಾನು ಎದುರಿಗೇ ಕೂತಿರ್ತೀನಿ. ಗಟ್ಟಿಯಾಗಿ ಕೂಗೋದು ಈಗಿಂದಾನೇ ಕಲ್ತುಕೋ."

ಗಾಡಿ ನಂಗಲಿಯ ದಾರಿ ಹಿಡಿಯಿತು. ಸಂಘದವರು ಚನ್ನರಾಯಪ್ಪನ ಸುತ್ತ ಸೇರಿ ನಗುತ್ತಿದ್ದರು, ಅವನು ಅವರ ಕಡೆ ಹೋಗಲಿಲ್ಲ. ಬಂಗಲೆಯ ಹಿಂದಿನ ಖಾಲಿ ರಸ್ತೆಯಲ್ಲಿ ನಡೆಯುತ್ತ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಹದಿನಾಲ್ಕು ಎಂದ. ಧ್ವನಿ ಗಂಟಲಿನಿಂದ ಮೇಲೆ ಬರಲಿಲ್ಲ. ಕೆಮ್ಮಿ, ಇನ್ನೊಮ್ಮೆ ಹದಿನಾಲ್ಕು ಎಂದ. ಈ ಸಲ ಕೇಳಿಸಿತು. ತಿರುವಿನಲ್ಲಿ ಹುಣಿಸೆ ಮೂಟೆ ಹೇರಿಕೊಂಡು ಪೇಟೆಗೆ ಹೊರಟಿದ್ದ ಒಬ್ಬ ರೈತ ಎತ್ತುಗಳನ್ನು ನಿಲ್ಲಿಸಿ, ಗಾಡಿಯಿಂದ ಬಗ್ಗಿ, ಏನು ಸ್ವಾಮಿ ಹದಿನಾಲ್ಕು, ಇವತ್ತಿನ ಬೆಲೆಯಾ, ಎಂದು ಕೇಳಿದ.

"ಏನಿಲ್ಲ, ಏನಿಲ್ಲ. ನೀನು ಹೋಗಪ್ಪ" ಎಂದ ವೆಂಕಟರಮಣಪ್ಪ.